ಲೋಡಿಗೆ ಬಂದ ಕೂಡಲೇ ಟ್ರ್ಯಾಕ್ಟರ್ ಆರುತ್ತಾ? ಡೀಸೆಲ್ ಪಂಪ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮೂರು ವರ್ಷದ ಹಿಂದೆ, ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದ ಹೊತ್ತಿಗೆ, ನಮ್ಮ ಹಳೇ ಟ್ರ್ಯಾಕ್ಟರ್ ಹೊಲದ ನಡುವೆ ನಿಂತುಬಿಟ್ಟಿತು. ಕೆಟ್ಟು ನಿಂತಿದ್ದಲ್ಲ. ಸೆಲ್ಫ್ ಹೊಡೆದರೆ ಚಾಲೂ ಆಗುತ್ತದೆ. ನಿಂತ ಜಾಗದಲ್ಲಿ ಸುಮ್ನೆ ಬಿಟ್ಟರೆ ಎಷ್ಟು ಹೊತ್ತಾದರೂ ಓಡುತ್ತದೆ. ಕಲ್ಟಿವೇಟರ್ ಇಳಿಸಿ ಎರಡು ಸಾಲು ಹೋಗುವಷ್ಟರಲ್ಲಿ ಎಣ್ಣೆ ತೀರಿದ ದೀಪದ ಹಾಗೆ ಆರುತ್ತದೆ, ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನುವಂತೆ ಮತ್ತೆ ಚಾಲೂ, ಮತ್ತೆ ಎರಡು ಸಾಲು, ಮತ್ತೆ ಆಫ್. ಬಿತ್ತನೆ ಹೊತ್ತಿನಲ್ಲಿ ಇದಕ್ಕಿಂತ ತಲೆಕೆಡಿಸುವ ಕೆಲಸ ಇನ್ನೊಂದಿಲ್ಲ.

ಅಪ್ಪ ಪೇಟೆಗೆ ಹೋಗಿ ಪಂಪ್ ಕೆಲಸದವರನ್ನು ಕರೆತಂದರು. ಅವರು ನೋಡಿದ ಕೂಡಲೇ "ಪಂಪ್ ಹೋಗಿದೆ" ಅಂದರು. ಪಂಪ್ ಇಳಿಸಿದರು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಇಳಿಸಿದರು, ಕ್ಯಾಲಿಬ್ರೇಶನ್ ಆಯಿತು, ನಾಲ್ಕು ದಿನ ಹೋಯಿತು, ಒಂಬತ್ತು ಸಾವಿರ ರೂಪಾಯಿ ಹೋಯಿತು. ಐದನೇ ದಿನ ಹೊಲಕ್ಕೆ ಇಳಿಸಿದರೆ ಮತ್ತೆ ಎರಡೇ ಸಾಲು! ಆಗ ಬದುವಿನ ಮೇಲೆ ಕೂತಿದ್ದ ಪಕ್ಕದ ಹೊಲದ ಅಜ್ಜ ಕೇಳಿದ್ದು ಒಂದೇ ಮಾತು: "ಟ್ಯಾಂಕ್ ತೊಳದು ಎಷ್ಟ್ ವರ್ಷ ಆತೋ ತಮ್ಮಾ?"

ತೊಳೆದೇ ಇರಲಿಲ್ಲ. ಡೀಸೆಲ್ ಎಲ್ಲಾ ಇಳಿಸಿ ಟ್ಯಾಂಕ್ ಬಗ್ಗಿಸಿದಾಗ ಒಳಗಿಂದ ಬಂದದ್ದು ಆಯಿಲ್ ಕ್ಯಾನಿನ ಬಾಯಿಗೆ ಅಂಟಿಸಿರುತ್ತಾರಲ್ಲ, ಆ ಬೆಳ್ಳಿ ಬಣ್ಣದ ಸೀಲಿನ ಒಂದು ಚೂರು. ಹೆಬ್ಬೆರಳಿನ ಉಗುರಿನಷ್ಟು. ಲೋಡ್ ಬಿದ್ದು ಡೀಸೆಲ್ ಜಾಸ್ತಿ ಹರಿಯತೊಡಗಿದರೆ ಅದು ಹೋಗಿ ಟ್ಯಾಪಿನ ಬಾಯಿಗೆ ಕೂರುತ್ತಿತ್ತು. ಎಂಜಿನ್ ಆರಿದ ಮೇಲೆ ಮೆಲ್ಲಗೆ ಬಿಟ್ಟುಕೊಂಡು ತೇಲಿ ಹೋಗುತ್ತಿತ್ತು.

ಅವತ್ತಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಡೀಸೆಲ್ ಯಾವ ದಾರಿಯಲ್ಲಿ ಹೋಗುತ್ತದೋ ಅದೇ ದಾರಿಯಲ್ಲಿ, ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ ಹುಡುಕುತ್ತಾ ಹೋಗುವುದು. ಪಂಪ್ ಕಟ್ಟಕಡೆಗೆ. ಇದು ಕಾಮನ್ ರೈಲ್ (ಎಲ್ಲಾ ನಾಜಲ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ಹೊಸ ವ್ಯವಸ್ಥೆ) ಇಲ್ಲದ, ಕಂಪ್ಯೂಟರ್ ಇಲ್ಲದ ಹಳೇ ಟ್ರ್ಯಾಕ್ಟರುಗಳ ಮಾತು: ಮ್ಯಾಸ್ಸಿ 1035, ಮಹೀಂದ್ರಾ ಬಿ-275, ಹಳೇ ಎಚ್‌ಎಂಟಿ, ಫೋರ್ಡ್ 3600, ಹೀಗೆ.

ಮೊದಲು, ಇದು ಡೀಸೆಲ್ ಕೊರತೆಯೇನಾ?

ಎಂಜಿನ್ ಸೊರಗುವುದಕ್ಕೆ ಬೇರೆ ಕಾರಣವೂ ಇರುತ್ತದೆ, ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಸೈಲೆನ್ಸರ್ ಕಡೆ ನೋಡಿ. ಲೋಡ್ ಬಿದ್ದಾಗ ದಟ್ಟ ಕಪ್ಪು ಹೊಗೆ ಉಗುಳುತ್ತಾ ಎಳೆಯಲಾಗದೆ ಒದ್ದಾಡಿದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ, ಇಲ್ಲವೇ ಭಾರ ಜಾಸ್ತಿ ಆಗಿದೆ ಎಂದು ಅರ್ಥ. ಏರ್ ಕ್ಲೀನರ್ ಬಟ್ಟಲಿನ ಆಯಿಲ್ ಕೆಸರಾಗಿದೆಯಾ ನೋಡಿ, ಈ ಲೇಖನ ಆಮೇಲೆ ಓದಿ. ಎಂಜಿನ್ ಸದ್ದು ಏರುತ್ತದೆ ಆದರೆ ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್.

ಡೀಸೆಲ್ ಸಾಲದೆ ಆರುವ ಎಂಜಿನ್ ಬೇರೆ ಥರ ಆಡುತ್ತದೆ. ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಆಕ್ಸಲರೇಟರ್ ಪೂರ್ತಿ ಎಳೆದರೂ ರೇಸ್ ಬರುವುದಿಲ್ಲ. ಹೊಗೆ ಕಪ್ಪಾಗುವ ಬದಲು ತೆಳ್ಳಗಾಗುತ್ತದೆ, ಕೆಲವೊಮ್ಮೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಯಾವ ಗದ್ದಲವೂ ಇಲ್ಲದೆ ಮೆಲ್ಲಗೆ ಆರುತ್ತದೆ.

ಚಾಲೂನೇ ಆಗದಿದ್ದರೆ ಸೆಲ್ಫ್ ಹೊಡೆಯುವಾಗ ಒಬ್ಬರು ಸೈಲೆನ್ಸರ್ ನೋಡಲಿ. ಎಂಜಿನ್ ಚೆನ್ನಾಗಿ ತಿರುಗುತ್ತಿದೆ ಆದರೆ ಹೊಗೆಯ ಸುಳಿವೇ ಇಲ್ಲ, ಅಂದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆ ಅಂದರೆ ಡೀಸೆಲ್ ತಲುಪುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಅದು ಬೇರೆ ಕಾಯಿಲೆ.

ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಲೋಡಿಗೆ ಮಾತ್ರ ಯಾಕೆ ಆರುತ್ತದೆ? ಲೆಕ್ಕ ಸುಲಭ. 35 ಎಚ್‌ಪಿ ಟ್ರ್ಯಾಕ್ಟರ್ ಭಾರದ ಕೆಲಸದಲ್ಲಿ ತಾಸಿಗೆ ಸುಮಾರು 4–5 ಲೀಟರ್ ಡೀಸೆಲ್ ಕುಡಿಯುತ್ತದೆ. ನಿಂತಲ್ಲಿ ಓಡುವಾಗ ಅದರ ಕಾಲು ಭಾಗವೂ ಬೇಕಾಗುವುದಿಲ್ಲ. ಹಾಗಾಗಿ ಪೈಪು ಮುಕ್ಕಾಲು ಕಟ್ಟಿದ್ದರೂ ಐಡ್ಲಿಂಗ್‌ನಲ್ಲಿ ಗೊತ್ತೇ ಆಗುವುದಿಲ್ಲ. ಶೆಡ್ಡಿನಲ್ಲಿ ಚಾಲೂ ಮಾಡಿ "ಸರಿ ಇದೆಯಲ್ಲಾ" ಅನ್ನುವ ಮೆಕ್ಯಾನಿಕ್‌ಗೆ ಹೊಲಕ್ಕೆ ಬನ್ನಿ ಎಂದು ಹೇಳಲೇಬೇಕು.

ಡೀಸೆಲ್ ಹೋಗುವ ದಾರಿ

ಟ್ಯಾಂಕ್, ಅದರ ಕೆಳಗಿನ ಟ್ಯಾಪ್, ಅಲ್ಲಿಂದ ಫೀಡ್ ಪಂಪ್, ಅದರಿಂದ ಒಂದು ಅಥವಾ ಎರಡು ಫಿಲ್ಟರ್, ಆಮೇಲೆ ದೊಡ್ಡ ಪಂಪ್, ಅಂದರೆ ಇಂಜೆಕ್ಷನ್ ಪಂಪ್, ಅಲ್ಲಿಂದ ಗಟ್ಟಿ ಕಬ್ಬಿಣದ ಪೈಪುಗಳಲ್ಲಿ ನಾಜಲ್‌ಗೆ. ಹೆಚ್ಚಾದ ಡೀಸೆಲ್ ರಿಟರ್ನ್ ಪೈಪಿನಲ್ಲಿ ವಾಪಸ್ ಹೋಗುತ್ತದೆ. ಇಷ್ಟೇ.

ದೊಡ್ಡ ಪಂಪ್ ಎರಡು ಥರ. ಒಂದು ಸಾಲು ಪಂಪ್: ಒಂದೊಂದು ಸಿಲಿಂಡರಿಗೆ ಒಂದೊಂದು ಪೈಪು ಮೇಲಿನಿಂದ ಸಾಲಾಗಿ ಹೊರಟಿರುತ್ತದೆ. ನಮ್ಮ ಕಡೆ ಇದಕ್ಕೆ ಈಗಲೂ ಮೈಕೋ ಪಂಪ್ ಅಂತಲೇ ಹೆಸರು. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಅಂಗಡಿಯಲ್ಲಿ ಮಾತ್ರ ಇನ್ನೂ "ಮೈಕೋ ನಾಜಲ್ ಕೊಡಿ" ಅಂತಲೇ ಕೇಳುತ್ತೇವೆ. ಇನ್ನೊಂದು ರೋಟರಿ ಪಂಪ್: ಗುಂಡಗಿನ ತಲೆ, ಅದರ ಸುತ್ತಲಿಂದ ಪೈಪು ಹೊರಟಿರುತ್ತವೆ. ನಿಮ್ಮದು ಯಾವುದು ಎಂದು ಈಗಲೇ ನೋಡಿಟ್ಟುಕೊಳ್ಳಿ. ರೋಟರಿ ಪಂಪಿಗೆ ಒಳಗಿನ ಗ್ರೀಸು, ಆಯಿಲ್ ಎಲ್ಲಾ ಡೀಸೆಲ್ಲೇ. ಡೀಸೆಲ್ ಇಲ್ಲದೆ ಅದನ್ನು ಸುಮ್ನೆ ತಿರುಗಿಸುತ್ತಾ ಇದ್ದರೆ ಒಳಗೆ ಸವೆಯುತ್ತದೆ.

ಕೈ ಹಾಕುವ ಮೊದಲು

ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಪಿಟಿಓ (ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಶಾಫ್ಟ್) ಬಿಡಿಸಿ. ಬೀಡಿ ದೂರ ಇಡಿ. ಎಂಜಿನ್ ಸುತ್ತ ಇರುವ ಮಣ್ಣು, ಹೊಟ್ಟು ಎಲ್ಲಾ ಮೊದಲು ಒರೆಸಿ, ಯಾಕೆಂದರೆ ಬೋಲ್ಟ್ ಬಿಚ್ಚಿದ ಕೂಡಲೇ ಆ ಮಣ್ಣು ಹೋಗುವುದು ಒಳಗೇ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಓಡುವ ಎಂಜಿನ್ನಿನ ಪೈಪಿನಲ್ಲೋ ನಾಜಲ್ಲಿನಲ್ಲೋ ಲೀಕ್ ಇದೆಯಾ ಎಂದು ಬೆರಳಿಟ್ಟು ನೋಡಬೇಡಿ. ನಾಜಲ್ ಬಾಯಿ ತೆರೆಯುವುದೇ ಚದರ ಸೆಂಟಿಮೀಟರಿಗೆ 170 ಕೆಜಿಗೂ ಮೇಲಿನ ಒತ್ತಡದಲ್ಲಿ. ಕೂದಲೆಳೆಯಷ್ಟು ಸಣ್ಣ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲ ಎಂದು ಕೂರದೆ ಅವತ್ತೇ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ಡೀಸೆಲ್ ಹೊಕ್ಕಿದೆ ಎಂದು ಬಿಡಿಸಿ ಹೇಳಬೇಕು. ಲೀಕ್ ನೋಡಬೇಕಾದರೆ ಒಂದು ರಟ್ಟಿನ ತುಂಡು ಹಿಡಿದು ನೋಡಿ. ಪೈಪಿಗೆ ಬಾಯಿ ಹಾಕಿ ಡೀಸೆಲ್ ಎಳೆಯುವ ಅಭ್ಯಾಸವನ್ನೂ ಬಿಡಿ, ಶ್ವಾಸಕೋಶಕ್ಕೆ ಹೋದರೆ ದೊಡ್ಡ ತೊಂದರೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಎರಡು ಬಾಯಿಯ ಪಾನಾ (ಸ್ಪ್ಯಾನರ್) ಸೆಟ್, ಒಂದು ಸ್ಕ್ರೂ ಡ್ರೈವರ್, ಒಂದು ಲೀಟರಿನ ಪಾರದರ್ಶಕ ನೀರಿನ ಬಾಟಲಿ, ಎರಡು ಅಡಿ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಒಂದಷ್ಟು ತಾಮ್ರದ ವಾಶರ್, ಸೈಕಲ್ ಪಂಪ್, ನೂಲು ಬಿಡದ ಹಳೇ ಬಟ್ಟೆ. ಬನಿಯನ್ ವೇಸ್ಟ್ ಬೇಡ, ಅದರ ನೂಲೇ ಮುಂದಿನ ಸಲದ ಕಸ.

ಮುಚ್ಚಳ, ಟ್ಯಾಪ್, ಟ್ಯಾಂಕ್

ಟ್ಯಾಂಕಿನಿಂದ ಡೀಸೆಲ್ ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಧೂಳು ಮತ್ತು ಡೀಸೆಲ್ ಜಿಡ್ಡು ಸೇರಿ ಅದು ಮುಚ್ಚಿಹೋದರೆ, ಇಲ್ಲವೇ ಮುಚ್ಚಳ ಕಳೆದುಹೋಗಿ ಯಾವುದೋ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಜಡಿದಿದ್ದರೆ, ಟ್ಯಾಂಕಿನೊಳಗೆ ನಿರ್ವಾತ ಆಗುತ್ತದೆ. ಇಪ್ಪತ್ತು ನಿಮಿಷ, ಅರ್ಧ ತಾಸು ಚೆನ್ನಾಗಿ ಓಡಿ ಆಮೇಲೆ ಆರುವ ಟ್ರ್ಯಾಕ್ಟರುಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಪರೀಕ್ಷೆ ಸುಲಭ: ಆರಿದ ತಕ್ಷಣ ಓಡಿಹೋಗಿ ಮುಚ್ಚಳ ತಿರುಗಿಸಿ. "ಸುಸ್" ಎಂದು ಗಾಳಿ ಎಳೆದುಕೊಂಡ ಸದ್ದು ಬಂದರೆ ಕಳ್ಳ ಸಿಕ್ಕ. ಸೂಜಿಯಿಂದ ತೂತು ಬಿಡಿಸಿ, ಮುಚ್ಚಳವನ್ನು ಡೀಸೆಲ್ಲಿನಲ್ಲಿ ತೊಳೆಯಿರಿ. ಖರ್ಚು ಸೊನ್ನೆ.

ಆಮೇಲೆ ಟ್ಯಾಪ್. ನಗಬೇಡಿ, ಅರ್ಧ ತೆರೆದ ಟ್ಯಾಪ್ ಇಟ್ಟುಕೊಂಡು ಇಡೀ ದಿನ ಒದ್ದಾಡಿದವರನ್ನು ನೋಡಿದ್ದೇನೆ. ಕೆಲವು ಟ್ಯಾಪಿನಲ್ಲಿ ಒಳಗಿನ ರಬ್ಬರ್ ಸವೆದು ಹಿಡಿ ಮಾತ್ರ ತಿರುಗುತ್ತದೆ, ದಾರಿ ತೆರೆಯುವುದಿಲ್ಲ.

ಈಗ ಬಾಟಲಿ ಪರೀಕ್ಷೆ. ಇದೊಂದನ್ನು ಕಲಿತರೆ ಅರ್ಧ ಕೆಲಸ ಕಲಿತ ಹಾಗೆ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಹತ್ತಿರ ಬಿಚ್ಚಿ, ಬಾಟಲಿಗೆ ಹಿಡಿದು ಟ್ಯಾಪ್ ತೆರೆಯಿರಿ. ಟ್ಯಾಂಕ್ ಮೇಲಿರುವುದರಿಂದ ಡೀಸೆಲ್ ತಾನಾಗಿ ಇಳಿಯಬೇಕು. ಶುರುವಿನಲ್ಲಿ ಜೋರಾಗಿ ಬಂದಿತೆಂದು ಖುಷಿಪಟ್ಟು ನಿಲ್ಲಿಸಬೇಡಿ, ಎರಡು-ಮೂರು ನಿಮಿಷ ಬಿಡಿ. ತುಂಬಿದರೆ ಇನ್ನೊಂದು ಬಾಟಲಿ ಹಿಡಿಯಿರಿ. ಎಂಜಿನ್‌ಗೆ ತಾಸಿಗೆ 5 ಲೀಟರ್ ಅಂದರೆ ನಿಮಿಷಕ್ಕೆ 80 ಎಂಎಲ್ ಚಿಲ್ಲರೆ, ಒಂದು ಸಣ್ಣ ಚಹಾ ಲೋಟದಷ್ಟು. ಆದರೆ ಫೀಡ್ ಪಂಪ್ ಅದಕ್ಕಿಂತ ತುಂಬಾ ಜಾಸ್ತಿ ಎಳೆದು ಹೆಚ್ಚಿನದನ್ನು ವಾಪಸ್ ಕಳಿಸುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಇಳಿದರೆ ಟ್ಯಾಂಕ್ ಕಡೆ ಏನೋ ಇದೆ. ಜೋರಾಗಿ ಶುರುವಾಗಿ ನಿಮಿಷದ ನಂತರ ಸಣ್ಣಗಾದರೆ ಟ್ಯಾಂಕಿನೊಳಗೆ ಏನೋ ತೇಲಿಬಂದು ಕೂತಿದೆ. ಮುಚ್ಚಳ ಹಾಕಿದಾಗ ಸಣ್ಣ, ತೆಗೆದಾಗ ಜೋರು ಅಂದರೆ ಮತ್ತೆ ಅದೇ ಮುಚ್ಚಳದ ತೂತು.

ಹಿಡಿದ ಡೀಸೆಲ್ಲನ್ನು ಚೆಲ್ಲಬೇಡಿ. ಬಾಟಲಿಯನ್ನು ಹತ್ತು ನಿಮಿಷ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಕಪ್ಪು ಲೋಳೆ ಇದ್ದರೆ ಅದು ನೀರು ಮತ್ತು ಡೀಸೆಲ್ ಸೇರುವಲ್ಲಿ ಬೆಳೆಯುವ ಪಾಚಿಯಂಥ ವಸ್ತು, ಫಿಲ್ಟರ್ ಕಟ್ಟಿಹಾಕುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಕೆಂಪು ಪುಡಿ ಇದ್ದರೆ ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿದಿದೆ.

ಟ್ಯಾಂಕ್ ಕಡೆಯೇ ತೊಂದರೆ ಎಂದು ಗೊತ್ತಾದರೆ ಅನೇಕರು ಪೈಪಿಗೆ ಗಾಳಿ ಹೊಡೆದು ಸುಮ್ಮನಾಗುತ್ತಾರೆ. ಹೊಲದ ನಡುವೆ ಸಿಕ್ಕಿಕೊಂಡಾಗ ಅದು ಸರಿ: ಮುಚ್ಚಳ ತೆಗೆದು, ಬಿಚ್ಚಿದ ಪೈಪಿನಿಂದ ಟ್ಯಾಂಕ್ ಕಡೆಗೆ ಸೈಕಲ್ ಪಂಪಿನಲ್ಲಿ ಗಾಳಿ ಕೊಟ್ಟರೆ ಕಸ ಹಿಂದಕ್ಕೆ ಹೋಗುತ್ತದೆ, ಸಂಜೆವರೆಗೆ ಕೆಲಸ ಆಗುತ್ತದೆ. ಆದರೆ ಕಸ ಟ್ಯಾಂಕಿನಲ್ಲೇ ಇದೆ, ನಾಳೆ ಮತ್ತೆ ಬರುತ್ತದೆ. ಮಳೆ ಬಂದು ಕೆಲಸ ನಿಂತ ದಿನ ಡೀಸೆಲ್ ಪೂರ್ತಿ ಇಳಿಸಿ, ಟ್ಯಾಪ್ ಬಿಚ್ಚಿ, ಅದರ ಮೇಲಿನ ಸಣ್ಣ ಜಾಲರಿ ತೊಳೆದು, ಒಂದೆರಡು ಲೀಟರ್ ಶುದ್ಧ ಡೀಸೆಲ್ ಹಾಕಿ ಟ್ಯಾಂಕ್ ಕುಲುಕಿ ಚೆಲ್ಲಿಸಿ. ಕೆಳಗೆ ಗಾಜಿನ ಬಟ್ಟಲಿದ್ದರೆ ಅದನ್ನೂ ತೆಗೆದು ತೊಳೆಯಿರಿ, ಹಾಕುವಾಗ ಅದರ ರಬ್ಬರ್ ವಾಶರ್ ನೆಟ್ಟಗೆ ಕೂತಿದೆಯಾ ನೋಡಿ. ನೀರು ಹಾಕಿ ಟ್ಯಾಂಕ್ ತೊಳೆಯಬೇಡಿ ದಯವಿಟ್ಟು.

ಪೈಪು

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ರಬ್ಬರ್ ಪೈಪು ಇದ್ದರೆ ಅದನ್ನು ಬೆರಳಿನಲ್ಲಿ ಒತ್ತಿ ನೋಡಿ. ಹಳೇ ರಬ್ಬರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ಪದರ ಮಾತ್ರ ಉಬ್ಬಿ, ಸಡಿಲಾಗಿ, ಪಂಪ್ ಎಳೆದಾಗ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಮೆತ್ತಗೆ ಬಾಡಿದ ಹೀರೇಕಾಯಿ ಥರ ಇದ್ದರೆ ಯೋಚನೆ ಮಾಡದೆ ಬದಲಿಸಿ. ಡೀಸೆಲ್ಲಿಗೆಂದೇ ಮಾಡಿದ ಪೈಪು ಕೇಳಿ ತನ್ನಿ, ಹನಿ ನೀರಾವರಿಯ ಪೈಪು ತುಂಡು ಮಾಡಿ ಹಾಕಬೇಡಿ.

ಇನ್ನೂ ಗೊಂದಲ ಇದ್ದರೆ ಕ್ಯಾನ್ ಪರೀಕ್ಷೆ ಮಾಡಿ. ಒಂದು ಐದು ಲೀಟರಿನ ತೊಳೆದ ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ, ಟ್ಯಾಂಕಿನಷ್ಟೇ ಎತ್ತರದಲ್ಲಿ, ಸೈಲೆನ್ಸರ್‌ನಿಂದ ದೂರ, ಅಲುಗಾಡದ ಹಾಗೆ ಕಟ್ಟಿ, ಅದರಿಂದ ಹೊಸ ಪೈಪಿನಲ್ಲಿ ನೇರ ಫೀಡ್ ಪಂಪಿಗೆ ಕೊಡಿ. ರಿಟರ್ನ್ ಹಾಗೇ ಟ್ಯಾಂಕಿಗೆ ಹೋಗಲಿ. ಪೈಪಿನೊಳಗಿನ ಏರ್ ತೆಗೆದು (ಹೇಗೆಂದು ಮುಂದೆ ಹೇಳಿದ್ದೇನೆ) ಹೊಲದಲ್ಲಿ ಲೋಡ್ ಹಾಕಿ ಎರಡು ಸುತ್ತು ಹೊಡೆಯಿರಿ. ಚೆನ್ನಾಗಿ ಎಳೆದರೆ ತೊಂದರೆ ಟ್ಯಾಂಕ್, ಟ್ಯಾಪ್, ಪೈಪು ಈ ಮೂರರಲ್ಲೇ ಇದೆ. ಕ್ಯಾನಿನಲ್ಲೂ ಆರಿದರೆ ಮುಂದಕ್ಕೆ ಹೋಗಿ. ನಮ್ಮ ಒಂಬತ್ತು ಸಾವಿರ ಉಳಿಸಬಹುದಾಗಿದ್ದ ಪರೀಕ್ಷೆ ಇದು.

ಫೀಡ್ ಪಂಪ್

ಇದರಲ್ಲೂ ಎರಡು ಬಗೆ. ಸಾಲು ಪಂಪಿನ ಹೊಟ್ಟೆಗೇ ಅಂಟಿಕೊಂಡು, ತಲೆಯಲ್ಲಿ ತಿರುಗಿಸಿ ಎತ್ತಿ ಒತ್ತುವ ಗುಂಡಿ ಇರುವುದು ಒಂದು. ಎಂಜಿನ್ ಪಕ್ಕಕ್ಕೆ ಕೂತು, ಕೆಳಗೆ ಬೆರಳಿನಲ್ಲಿ ಆಡಿಸುವ ಸಣ್ಣ ಲಿವರ್ ಇರುವುದು ಇನ್ನೊಂದು.

ಗುಂಡಿ ಇರುವುದಾದರೆ ಅದಕ್ಕೆ ಡೀಸೆಲ್ ಬರುವ ಜಾಗದಲ್ಲಿ ಸಣ್ಣ ಜಾಲರಿ ಇರುತ್ತದೆ, ಕೆಲವಕ್ಕೆ ಗಾಜಿನ ಬಟ್ಟಲಿನಲ್ಲಿ, ಕೆಲವಕ್ಕೆ ಬೋಲ್ಟಿನ ಒಳಗೇ. ಅದು ಕಟ್ಟಿರುವುದು ತುಂಬಾ ಸಾಮಾನ್ಯ, ಅದು ಅಲ್ಲಿದೆ ಎಂದು ಗೊತ್ತಿರುವವರು ಕಡಿಮೆ. ಒಳಗೆ ಎರಡು ವಾಲ್ವ್ ಮತ್ತು ಸ್ಪ್ರಿಂಗ್ ಇರುತ್ತವೆ. ವಾಲ್ವಿನ ಕೆಳಗೆ ಒಂದು ಕಾಳು ಮಣ್ಣು ಕೂತರೂ ಎಳೆದ ಡೀಸೆಲ್ ಅಲ್ಲೇ ಹಿಂದೆ-ಮುಂದೆ ಆಡುತ್ತದೆ, ಮೇಲೆ ಏರುವುದಿಲ್ಲ. ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ಹಾಕಿದರೆ ಎಷ್ಟೋ ಸಲ ಸರಿ ಹೋಗುತ್ತದೆ.

ಲಿವರ್ ಇರುವ ಪಂಪಿನಲ್ಲಿ ಒಂದು ಮೋಸ ಇದೆ. ಲಿವರ್ ಆಡಿಸಿದರೆ ಸಡಿಲವಾಗಿ ಆಡುತ್ತದೆ, ಡೀಸೆಲ್ ಏರುವುದಿಲ್ಲ. ಪಂಪ್ ಹಾಳಾಗಿದೆ ಎಂದು ಹೊಸದು ತರಲು ಓಡಬೇಡಿ. ಎಂಜಿನ್ ನಿಂತ ಜಾಗದಲ್ಲಿ ಒಳಗಿನ ಕ್ಯಾಮ್ ಆಗಲೇ ಪಂಪನ್ನು ಪೂರ್ತಿ ಒತ್ತಿ ಹಿಡಿದಿರಬಹುದು. ಎಂಜಿನ್ ಆರಿಸುವ ಸ್ಟಾಪ್ ಎಳೆದು ಹಿಡಿದು, ಸೆಲ್ಫ್ ಒಂದು ಚೂರು ಮುಟ್ಟಿ ಎಂಜಿನ್ ಸುಮಾರು ಒಂದು ಸುತ್ತು ತಿರುಗಿಸಿ, ಮತ್ತೆ ಲಿವರ್ ಆಡಿಸಿ. ಈಗ ಬಿಗಿ ಬಂದರೆ ಪಂಪ್ ಸರಿ ಇದೆ.

ಇದರ ಒಳಗಿನ ಡಯಾಫ್ರಮ್ (ಡೀಸೆಲ್ ಎಳೆದು ತಳ್ಳುವ ತೆಳು ಪರದೆ) ಹರಿದರೆ ಡೀಸೆಲ್ ಎಂಜಿನ್ ಆಯಿಲಿಗೆ ಸೇರಬಹುದು. ಡಿಪ್ ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ನೀರಾಗಿದ್ದರೆ, ಡೀಸೆಲ್ ವಾಸನೆ ಹೊಡೆದರೆ ಗಾಡಿ ಓಡಿಸುವುದು ನಿಲ್ಲಿಸಿ, ಡಯಾಫ್ರಮ್ ಬದಲಿಸಿ ಆಯಿಲ್ ಕೂಡ ಬದಲಿಸಿ. ತೆಳ್ಳಗಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತವೆ, ಆಗ ಸಾವಿರದ ಲೆಕ್ಕ ಅಲ್ಲ.

ಫೀಡ್ ಪಂಪ್ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಅದರಿಂದ ಹೊರಡುವ ಪೈಪನ್ನು ಫಿಲ್ಟರಿನ ಹತ್ತಿರ ಬಿಚ್ಚಿ ಬಾಟಲಿಗೆ ಹಿಡಿದು, ಸ್ಟಾಪ್ ಎಳೆದುಕೊಂಡೇ ಒಬ್ಬರು ಸೆಲ್ಫ್ ಹೊಡೆಯಲಿ. ಪ್ರತಿ ಒತ್ತಿಗೂ ಚಿಮ್ಮಿ ಚಿಮ್ಮಿ ಬರಬೇಕು. ಬೆವರಿದ ಹಾಗೆ ಒಸರಿದರೆ ಸಾಲದು.

ಫಿಲ್ಟರ್

ಎರಡು ಫಿಲ್ಟರ್ ಇದ್ದರೆ ಮೊದಲನೆಯದು ಸಾಮಾನ್ಯವಾಗಿ ಬಟ್ಟೆ ಅಥವಾ ಫೆಲ್ಟಿನದು, ಎರಡನೆಯದು ಕಾಗದದ್ದು. ಬಟ್ಟೆಯದನ್ನು ತೊಳೆಯಬಹುದು. ಕಾಗದದ್ದನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಕಟ್ಟಿದರೆ ಬದಲಿಸುವುದೇ. ಪೆಟ್ರೋಲಿನಲ್ಲಿ ಅದ್ದಿ ಒಣಗಿಸಿ ಮತ್ತೆ ಹಾಕುವವರಿದ್ದಾರೆ, ಉಳಿಸುವ ನೂರಿನ್ನೂರು ರೂಪಾಯಿಗೆ ಪಂಪಿನೊಳಗೆ ಮರಳು ಕಳಿಸುವ ಕೆಲಸ ಅದು. ಎಷ್ಟು ತಾಸಿಗೆ ಬದಲಿಸಬೇಕು ಎಂದು ನಿಮ್ಮ ಗಾಡಿಯ ಪುಸ್ತಕದಲ್ಲಿದೆ, ಪುಸ್ತಕ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಹಾಕಿಸಿಬಿಡಿ, ಯಾವ ತಕರಾರೂ ಇರುವುದಿಲ್ಲ.

ಫಿಲ್ಟರ್ ಬಟ್ಟಲಿನ ಕೆಳಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಅದನ್ನು ಸಡಿಲಿಸಿ ಒಂದು ಲೋಟ ಇಳಿಸಿ ನೋಡಿ. ರಾತ್ರಿಯೆಲ್ಲಾ ನಿಂತ ನೀರು ಕೆಳಗೆ ಇಳಿದಿರುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ಇಬ್ಬನಿ ಹಿಡಿದು ನೀರಾಗುತ್ತದೆ, ಹಾಗಾಗಿ ಡೀಸೆಲ್ ಬೆಳಿಗ್ಗೆ ಹಾಕುವ ಬದಲು ಸಂಜೆ ಕೆಲಸ ಮುಗಿದ ಮೇಲೆ ತುಂಬುವುದು ಒಳ್ಳೆಯದು. ಬ್ಯಾರಲಿನಲ್ಲಿ ತಂದ ಡೀಸೆಲ್ಲನ್ನು ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು, ಲಾಳಿಕೆಗೆ ಜಾಲರಿ ಇಟ್ಟು ಸುರಿಯಿರಿ. ತಳದ ನಾಲ್ಕು ಬೆರಳು ಡೀಸೆಲ್ ಟ್ಯಾಂಕಿಗೆ ಬೇಡ.

ಏರ್ ಹೊಡೆದಿದ್ದರೆ

ಈವರೆಗೆ ಹೇಳಿದ್ದು ಕಟ್ಟಿಕೊಳ್ಳುವ ಕಥೆ. ಇನ್ನೊಂದು ಕಥೆ ಗಾಳಿಯದು. ಡೀಸೆಲ್ಲಿನ ಬದಲು ಗಾಳಿ ಹೊಕ್ಕರೆ ಪಂಪ್ ಆ ಗಾಳಿಯನ್ನೇ ಒತ್ತುತ್ತಾ ಕೂರುತ್ತದೆ, ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ, ನಾಜಲ್ ತೆರೆಯುವಷ್ಟು ಒತ್ತಡ ಬರುವುದೇ ಇಲ್ಲ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿದಾಗ, ಫಿಲ್ಟರ್ ಬದಲಿಸಿದಾಗ, ಮೇಲಿನ ಯಾವುದೇ ಪೈಪು ಬಿಚ್ಚಿದಾಗ ಏರ್ ತೆಗೆಯಲೇಬೇಕು.

ಎಲ್ಲಾ ಜೋಡಿಸಿ, ಟ್ಯಾಂಕಿಗೆ ಸಾಕಷ್ಟು ಡೀಸೆಲ್ ಹಾಕಿ, ಟ್ಯಾಪ್ ತೆರೆಯಿರಿ. ಮೊದಲ ಫಿಲ್ಟರಿನ ತಲೆಯ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಫೀಡ್ ಪಂಪಿನ ಗುಂಡಿ ಅಥವಾ ಲಿವರ್ ಆಡಿಸುತ್ತಾ ಇರಿ. ನೊರೆ ಬರುತ್ತದೆ, ಗುಳ್ಳೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್ ಧಾರೆಯಾಗಿ ಬರುತ್ತದೆ. ಪಂಪ್ ಮಾಡುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಕೈ ನಿಲ್ಲಿಸಿ ಬಿಗಿದರೆ ಒಂದು ಗುಟುಕು ಗಾಳಿ ಮತ್ತೆ ಒಳಗೆ ಹೋಗಿರುತ್ತದೆ. ಎರಡನೇ ಫಿಲ್ಟರಿಗೂ ಹೀಗೇ. ಆಮೇಲೆ ದೊಡ್ಡ ಪಂಪ್. ಸಾಲು ಪಂಪಿನಲ್ಲಿ ಪಕ್ಕಕ್ಕೆ ಏರ್ ಸ್ಕ್ರೂ ಇರುತ್ತದೆ. ರೋಟರಿ ಪಂಪಿನಲ್ಲಿ ಎರಡು: ಒಂದು ಪಕ್ಕದಲ್ಲಿ ತಲೆಯ ಹತ್ತಿರ, ಇನ್ನೊಂದು ಮೇಲೆ ಗವರ್ನರ್ (ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ) ಕವರಿನ ಮೇಲೆ. ಪಕ್ಕದ್ದು ಮುಗಿಸಿ ಮೇಲಿನದು. ಕೈ ನೋಯುತ್ತದೆ, ನೂರು ಸಲ ಆಡಿಸಬೇಕಾಗಬಹುದು, ಅವಸರ ಬೇಡ.

ಇಷ್ಟಾದ ಮೇಲೂ ಚಾಲೂ ಆಗದಿದ್ದರೆ ನಾಜಲ್ ಹತ್ತಿರದ ಪೈಪಿನ ನಟ್ಟುಗಳನ್ನು (ಸಾಮಾನ್ಯವಾಗಿ 17 ಅಥವಾ 19ರ ಪಾನಾ ಹಿಡಿಯುತ್ತದೆ) ಒಂದೊಂದು ಸುತ್ತು ಸಡಿಲಿಸಿ, ಆಕ್ಸಲರೇಟರ್ ಪೂರ್ತಿ ಕೊಟ್ಟು, ಮುಖ-ಕೈ ದೂರ ಇಟ್ಟು ಸೆಲ್ಫ್ ಹೊಡೆಯಿರಿ. ನಟ್ಟಿನ ಬುಡದಲ್ಲಿ ಡೀಸೆಲ್ ಚಿಮ್ಮಿದ ಕೂಡಲೇ ನಿಲ್ಲಿಸಿ ಬಿಗಿಯಿರಿ. ಸೆಲ್ಫ್ ಒಂದು ಸಲಕ್ಕೆ 10–15 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಬ್ಯಾಟರಿಯೂ ಹೋಗುತ್ತದೆ, ಸೆಲ್ಫ್ ಮೋಟರೂ ಸುಡುತ್ತದೆ. ಕೊನೆಗೆ ಫೀಡ್ ಪಂಪಿನ ಗುಂಡಿ ಒತ್ತಿ ತಿರುಗಿಸಿ ಬಿಗಿ ಮಾಡಿದಿರಾ? ಮರೆತರೆ ಅಲ್ಲಿಂದಲೇ ಮತ್ತೆ ಗಾಳಿ ಹೋಗುತ್ತದೆ.

ಒಂದು ಸಲ ತೆಗೆದ ಏರ್ ದಿನಕ್ಕೊಮ್ಮೆ ಮತ್ತೆ ಬರುತ್ತಿದ್ದರೆ ಎಲ್ಲೋ ತೂತಿದೆ. ಇಲ್ಲಿ ಜನ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಡೀಸೆಲ್ ಸೋರುವ ಜಾಗ ಕಣ್ಣಿಗೆ ಕಾಣುತ್ತದೆ. ಫೀಡ್ ಪಂಪಿಗಿಂತ ಹಿಂದಿನ ಪೈಪಿನಲ್ಲಿ ಎಳೆತ ಇರುವುದರಿಂದ ಅಲ್ಲಿನ ಸಣ್ಣ ಬಿರುಕು ಓಡುವಾಗ ಸೋರುವುದೇ ಇಲ್ಲ, ಗಾಳಿ ಎಳೆದುಕೊಳ್ಳುತ್ತದೆ. ಒಣಗಿದ ಹಾಗೇ ಕಾಣುವ ಬೋಲ್ಟೇ ಕಳ್ಳ. ಪಾರದರ್ಶಕ ಪೈಪು ತಂದಿದ್ದೀರಲ್ಲ, ಅದನ್ನು ಫೀಡ್ ಪಂಪಿಗೆ ಬರುವ ದಾರಿಯಲ್ಲಿ ಸೇರಿಸಿ ಎಂಜಿನ್ ಓಡಿಸಿ ನೋಡಿ. ಗುಳ್ಳೆ ಸಾಲಾಗಿ ಬಂದರೆ ಟ್ಯಾಂಕ್ ಕಡೆಯ ಜೋಡಣೆಗಳಲ್ಲಿ ತೂತು. ಅಲ್ಲಿ ಗುಳ್ಳೆ ಇಲ್ಲದೆ ಫಿಲ್ಟರ್ ದಾಟಿದ ಮೇಲೆ ಕಂಡರೆ ಫೀಡ್ ಪಂಪ್ ಅಥವಾ ಫಿಲ್ಟರಿನ ವಾಶರ್. ಪರೀಕ್ಷೆ ಮುಗಿದ ಮೇಲೆ ಆ ಪೈಪು ತೆಗೆಯಿರಿ, ಅದು ಬಿಸಿಗೆ ತಡೆಯುವುದಿಲ್ಲ.

ವಾಶರ್ ವಿಷಯ. ಬಿಚ್ಚಿದ ಜಾಗಕ್ಕೆಲ್ಲಾ ಹೊಸ ವಾಶರ್ ಹಾಕಿ. ಹೊಸದಿಲ್ಲದಿದ್ದರೆ ಹಳೇ ತಾಮ್ರದ ವಾಶರನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆತ್ತಗಾಗುತ್ತದೆ, ಚೆನ್ನಾಗಿ ಕೂರುತ್ತದೆ. ಸೋರುತ್ತದೆ ಎಂದು ಬೋಲ್ಟನ್ನು ಮೈಮೇಲೆ ಬಿದ್ದು ಬಿಗಿದರೆ ಬೋಲ್ಟಿನ ಥ್ರೆಡ್ ಹೋಗುತ್ತದೆ, ಅಷ್ಟೇ. ದಾರ ಸುತ್ತುವುದು, ಟೇಪ್ ಸುತ್ತುವುದೂ ಬೇಡ, ಅದರ ಚೂರು ಹೋಗುವುದು ಪಂಪಿಗೆ.

ಪಂಪಿನ ಹತ್ತಿರ ನಾವೇ ನೋಡಬಹುದಾದ್ದು

ಸ್ಟಾಪ್ ವೈರ್ ನೋಡಿ. ಎಳೆದು ಬಿಟ್ಟಾಗ ಪಂಪಿನ ಲಿವರ್ ಪೂರ್ತಿ ವಾಪಸ್ ಬರುತ್ತಿದೆಯಾ? ತುಕ್ಕು ಹಿಡಿದ ವೈರ್ ಅರ್ಧದಲ್ಲಿ ನಿಂತರೆ ಡೀಸೆಲ್ಲೂ ಅರ್ಧವೇ. ಆಕ್ಸಲರೇಟರ್ ರಾಡ್ ಕೂಡ ಪಂಪಿನ ಲಿವರನ್ನು ಕೊನೆವರೆಗೆ ತಳ್ಳುತ್ತಿದೆಯಾ ನೋಡಿ.

ಸಾಲು ಪಂಪಿನಿಂದ ರಿಟರ್ನ್ ಪೈಪು ಹೊರಡುವ ಜಾಗದ ಬೋಲ್ಟ್ ಸಾದಾ ಬೋಲ್ಟ್ ಅಲ್ಲ. ಒಳಗೆ ಸ್ಪ್ರಿಂಗ್ ಇರುವ ವಾಲ್ವ್ ಅದು, ಪಂಪಿನೊಳಗೆ ಡೀಸೆಲ್ ಒತ್ತಡ ನಿಲ್ಲಿಸುವುದೇ ಅದು. ಸ್ಪ್ರಿಂಗ್ ಸೋತಿದ್ದರೆ, ಅಥವಾ ಹಿಂದೆ ಯಾರೋ ರಿಪೇರಿಗೆ ಬಂದವರು ಅದು ಕಳೆದುಹೋಗಿ ಸಾದಾ ಬೋಲ್ಟ್ ಹಾಕಿ ಹೋಗಿದ್ದರೆ, ಫೀಡ್ ಪಂಪ್ ಕೊಟ್ಟದ್ದೆಲ್ಲಾ ರಿಟರ್ನಿನಲ್ಲಿ ಹರಿದುಹೋಗುತ್ತದೆ, ಲೋಡಿಗೆ ಎಳೆತ ಬರುವುದಿಲ್ಲ. ರೋಟರಿ ಪಂಪಿನಲ್ಲಿ ಡೀಸೆಲ್ ಒಳಗೆ ಹೋಗುವ ಬೋಲ್ಟಿನ ಹಿಂದೆ ಒಂದು ಸಣ್ಣ ಜಾಲರಿ ಅಡಗಿರುತ್ತದೆ, ಅದನ್ನೂ ತೆಗೆದು ನೋಡಿ.

ಎಂಜಿನ್ ಆರುವುದಿಲ್ಲ, ಆದರೆ ಒಂದು ಕಾಲು ಕುಂಟಿದ ಹಾಗೆ ಓಡುತ್ತದೆ ಅಂದರೆ ಒಂದೇ ಸಿಲಿಂಡರಿನ ತೊಂದರೆ. ಐಡ್ಲಿಂಗ್‌ನಲ್ಲಿ ಒಂದೊಂದೇ ಪೈಪಿನ ನಟ್ಟನ್ನು ಪಂಪ್ ಕಡೆ ಬಟ್ಟೆ ಮುಚ್ಚಿ ಪಾನಾದಿಂದ ಸ್ವಲ್ಪ ಸಡಿಲಿಸಿ. ಸಡಿಲಿಸಿದಾಗ ಸದ್ದು ಬದಲಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ಅದೇ ಸೋಮಾರಿ, ಅದರ ನಾಜಲ್ ತೆಗೆದು ಪರೀಕ್ಷೆಗೆ ಕೊಡಿ.

ದೊಡ್ಡ ಪಂಪಿನ ಒಳಗೆ ಮಾತ್ರ ಕೈ ಹಾಕಬೇಡಿ. ಸೀಲ್ ಒಡೆದು ಸ್ಕ್ರೂ ತಿರುಗಿಸಿದರೆ ಡೀಸೆಲ್ ಜಾಸ್ತಿ ಬರುತ್ತದೆ ಎಂದು ಹೇಳುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ನಮಸ್ಕಾರ ಹೇಳಿ ಕಳಿಸಿ. ಕ್ಯಾನ್ ಪರೀಕ್ಷೆ ಆಗಿದೆ, ಫೀಡ್ ಪಂಪ್ ಚಿಮ್ಮುತ್ತಿದೆ, ಫಿಲ್ಟರ್ ಹೊಸದು, ಗುಳ್ಳೆ ಇಲ್ಲ, ಆದರೂ ಎಳೆಯುತ್ತಿಲ್ಲ ಅಂದಾಗ ಪಂಪ್ ಇಳಿಸಿ. ಅಂಗಡಿಯವರಿಗೆ ಇದನ್ನೆಲ್ಲಾ ಹೇಳಿ. ಕೆಲಸ ಬಲ್ಲವರಾದರೆ ನೇರ ವಿಷಯಕ್ಕೆ ಬರುತ್ತಾರೆ, ಹಳೇ ಸಾಮಾನು ವಾಪಸ್ ಕೊಡಿ ಎಂದು ಮೊದಲೇ ಕೇಳಿಟ್ಟಿರಿ.

ಸರಿ ಹೋಯಿತು ಅನ್ನಿಸಿದ ದಿನ ಶೆಡ್ಡಿನಲ್ಲಿ ನಂಬಬೇಡಿ. ಹೊಲಕ್ಕೆ ಇಳಿಸಿ, ಪೂರ್ತಿ ಆಳಕ್ಕೆ ಬಿಟ್ಟು, ಅರ್ಧ ತಾಸು ಬಿಡದೆ ಹೊಡೆಯಿರಿ. ರಾತ್ರಿ ಟ್ಯಾಪ್ ತೆರೆದೇ ನಿಲ್ಲಿಸಿ ಬೆಳಿಗ್ಗೆ ಸೆಲ್ಫ್ ಹೊಡೆಯಿರಿ. ಎರಡು ಸುತ್ತಿಗೆ ಹತ್ತಿಕೊಂಡರೆ ಆಯಿತು. ಹತ್ತಿಕೊಂಡು ಅರ್ಧ ನಿಮಿಷ ಕೆಮ್ಮಿ ಆರಿದರೆ ಯಾವುದೋ ವಾಶರಿನಿಂದ ಗಾಳಿ ಹೊಕ್ಕಿದೆ, ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಜೋಡಣೆಗಳನ್ನು ಇನ್ನೊಂದು ಸಲ ಬಿಚ್ಚಿ ನೋಡಿ.